ಯಾವ ಲೋಹಕ್ಕೆ ಯಾವ ದನಿ?

ಸರ್ಕಾರಿ ನೌಕರಿಯ ಪರೀಕ್ಷೆ ಬರೆದವರಿಗೆಲ್ಲ ಆ ಕಪ್ಪು ಕೋಲಿನ ಪರಿಚಯ ಇದ್ದೇ ಇರುತ್ತದೆ. ಗೇಟಿನಲ್ಲಿ ನಿಂತ ಸಿಬ್ಬಂದಿ ಅದನ್ನು ಹೆಗಲಿನಿಂದ ಪಾದದವರೆಗೆ ಆಡಿಸುತ್ತಾರೆ. ಬೆಲ್ಟಿನ ಬಕಲ್ ಹತ್ತಿರ ಬಂದರೆ ‘ಬೀಪ್’ ಎನ್ನುತ್ತದೆ. ಪ್ಯಾಂಟಿನ ಗುಂಡಿಗೂ ಅದೇ ‘ಬೀಪ್’, ಕಿಸೆಯಲ್ಲಿ ಉಳಿದ ಒಂದು ರೂಪಾಯಿಗೂ ಅದೇ, ಕೊರಳಿನ ಬಂಗಾರದ ಸರಕ್ಕೂ ಅದೇ.

ನಮ್ಮ ಕಲಬುರಗಿ ಜಿಲ್ಲೆಯವರಿಗೆ ಈ ಕೋಲು ತುಸು ಹೆಚ್ಚೇ ಹತ್ತಿರದ್ದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾದಾಗ ನಮ್ಮ ಜಿಲ್ಲೆಯ ಹೆಸರೇ ಎಲ್ಲರ ಬಾಯಲ್ಲಿತ್ತು. ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲೇ, 2023ರ ಅಕ್ಟೋಬರ್‌ನಲ್ಲಿ ನಿಗಮ–ಮಂಡಳಿಗಳ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಬ್ಲೂಟೂತ್ ಸಾಧನ ಬಳಸಿದವರು ಸಿಕ್ಕಿಬಿದ್ದರು. ಮರುತಿಂಗಳೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವಸ್ತ್ರ ನಿಯಮ ತಂದಿತು. ಮಂಗಳಸೂತ್ರ, ಕಾಲುಂಗುರ ಬಿಟ್ಟು ಬೇರೆ ಲೋಹದ ಆಭರಣ ಬೇಡ ಎಂದಿತು. ಯಾರೋ ಮಾಡಿದ ಕಳ್ಳತನಕ್ಕೆ ರಾತ್ರಿ–ಹಗಲು ಓದಿದವರೆಲ್ಲ ಸಾಲಿನಲ್ಲಿ ನಿಂತು ಕೈ ಅಗಲಿಸಬೇಕಾಯಿತು.

ಆ ಕೋಲು ಎಲ್ಲ ಲೋಹಕ್ಕೂ ಒಂದೇ ದನಿಯಲ್ಲಿ ಏಕೆ ಕೂಗುತ್ತದೆ? ಬಂಗಾರಕ್ಕೊಂದು, ಕಬ್ಬಿಣಕ್ಕೊಂದು ದನಿ ಕೊಡಲು ಬರುವುದಿಲ್ಲವೇ? ನಾನು ಬಿ.ಇ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ಆಳಂದ ತಾಲ್ಲೂಕಿನ ಹುಡುಗ. ಈ ವರ್ಷ ನಾವು ನಾಲ್ವರು ಗೆಳೆಯರು ಸೇರಿ ಮಿನಿ ಪ್ರಾಜೆಕ್ಟ್‌ಗೆ ಮೆಟಲ್ ಡಿಟೆಕ್ಟರ್ ಆರಿಸಿಕೊಂಡೆವು. ಸರ್ಕ್ಯೂಟ್ ಕೂಡಿಸುವುದೇ ದೊಡ್ಡ ಕೆಲಸ ಎಂದುಕೊಂಡಿದ್ದವರಿಗೆ, ಅದಕ್ಕಿಂತ ಹೆಚ್ಚು ಚರ್ಚೆಗೆ ಬಿದ್ದದ್ದು ‘ಯಾವುದಕ್ಕೆ ಯಾವ ಟೋನ್ ಇಡೋಣ’ ಎಂಬ ಪ್ರಶ್ನೆ.

ದನಿ ಹುಟ್ಟುವ ಬಗೆ

ಡಿಟೆಕ್ಟರಿನೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರುತ್ತದೆ. ಅದರಲ್ಲಿ ಪರ್ಯಾಯ ವಿದ್ಯುತ್ ಹರಿಸಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರದೊಳಗೆ ಲೋಹ ಬಂದರೆ ಲೋಹದಲ್ಲಿ ಸುಳಿಪ್ರವಾಹಗಳು ಏಳುತ್ತವೆ. ಪಿಯುಸಿಯಲ್ಲಿ ಓದಿದ ‘ಎಡ್ಡಿ ಕರೆಂಟ್’ ನೆನಪಿಸಿಕೊಳ್ಳಿ. ಆ ಪ್ರವಾಹಗಳು ತಮ್ಮದೇ ಪುಟ್ಟ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತವೆ. ಹೊಲದಲ್ಲಿ ಬಳಸುವ ಯಂತ್ರಗಳಲ್ಲಿ ಇದನ್ನು ಹಿಡಿಯಲು ಇನ್ನೊಂದು ಕಾಯಿಲ್ ಇರುತ್ತದೆ. ಕಳಿಸಿದ ಅಲೆಗೂ ಮರಳಿದ ಅಲೆಗೂ ನಡುವೆ ತುಸು ವಿಳಂಬ ಇರುತ್ತದೆ. ಈ ವಿಳಂಬ ಎಲ್ಲ ಲೋಹಕ್ಕೂ ಒಂದೇ ಅಲ್ಲ. ದಪ್ಪ ಬೆಳ್ಳಿಯ ನಾಣ್ಯದ್ದು ಒಂದು ಥರ, ಕಬ್ಬಿಣದ ಮೊಳೆಯದು ಇನ್ನೊಂದು ಥರ. ಯಂತ್ರ ಆ ವ್ಯತ್ಯಾಸವನ್ನು ಒಂದು ಸಂಖ್ಯೆಯಾಗಿ, ಸಂಖ್ಯೆಯನ್ನು ದನಿಯಾಗಿ ಬದಲಿಸುತ್ತದೆ.

ರೂಢಿಯಲ್ಲಿ ಕಬ್ಬಿಣಕ್ಕೆ ಕೆಳಗಿನ ಸಂಖ್ಯೆ, ದಪ್ಪ ದನಿ. ತಾಮ್ರ, ಬೆಳ್ಳಿಗೆ ಮೇಲಿನ ಸಂಖ್ಯೆ, ಕೀಚಲು ದನಿ. ಉಳಿದವೆಲ್ಲ ನಡುವೆ. ಆದರೆ ಕಬ್ಬಿಣಕ್ಕೆ ದಪ್ಪ ದನಿ ಇರಬೇಕೆಂದು ಭೌತವಿಜ್ಞಾನ ಹೇಳಿಲ್ಲ. ಅದನ್ನು ನಿಶ್ಚಯಿಸುವವರು ಯಂತ್ರ ಮಾಡಿದವರು, ಆಮೇಲೆ ಬಳಸುವವರು. ಟೋನ್ ಸೆಟಿಂಗ್ ಎಂದರೆ ಇಷ್ಟೇ: ಯಾವುದು ಜೋರಾಗಿ ಕೇಳಬೇಕು, ಯಾವುದು ಮೆತ್ತಗೆ ಕೇಳಬೇಕು, ಯಾವುದು ಕೇಳಲೇಬಾರದು ಎಂಬ ತೀರ್ಮಾನ.

ಒಂದು ದನಿ, ಎರಡು ದನಿ, ಹಲವು ದನಿ

ಪರೀಕ್ಷಾ ಗೇಟಿನ ಕೋಲಿಗೆ ಒಂದೇ ದನಿ ಸಾಕು. ಏಕೆಂದರೆ ಅಲ್ಲಿಯ ಪ್ರಶ್ನೆ ‘ಲೋಹ ಇದೆಯೋ ಇಲ್ಲವೋ’ ಎಂಬುದಷ್ಟೇ. ಯಾವ ಲೋಹ ಎಂದು ತಿಳಿದು ಸಿಬ್ಬಂದಿಗೆ ಆಗಬೇಕಾದ್ದೇನೂ ಇಲ್ಲ. ದನಿ ಬಂದ ಜಾಗವನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೆ. ಇಂಥ ಕೆಲವು ಕೋಲುಗಳಲ್ಲಿ ದನಿಯ ಬದಲು ಕಂಪನ ಇಟ್ಟುಕೊಳ್ಳುವ ಗುಂಡಿಯೂ ಇರುತ್ತದೆ. ನೂರಾರು ಜನ ನಿಂತ ಗದ್ದಲದಲ್ಲಿ ಸಿಬ್ಬಂದಿಯ ಕೈಗೆ ಗೊತ್ತಾದರೆ ಸಾಕು, ಅಭ್ಯರ್ಥಿಯ ಸೊಂಟದಿಂದ ಬಂದ ‘ಬೀಪ್’ ಊರಿಗೆಲ್ಲ ಕೇಳಬೇಕಿಲ್ಲ. ಇದು ಸಣ್ಣ ಸೆಟಿಂಗ್ ಇರಬಹುದು. ಪರೀಕ್ಷೆಗೆ ಮೊದಲೇ ಕೈಕಾಲು ನಡುಗುತ್ತಿರುವ ಹುಡುಗ–ಹುಡುಗಿಯರಿಗೆ ಇದು ಸಣ್ಣದಲ್ಲ.

ಎರಡು ದನಿಯ ಯಂತ್ರದಲ್ಲಿ ಕಬ್ಬಿಣಕ್ಕೆ ಒಂದು, ಬೇರೆಲ್ಲ ಲೋಹಕ್ಕೆ ಇನ್ನೊಂದು. ಎಲ್ಲಿಗೆ ಕಬ್ಬಿಣ ಮುಗಿಯಿತು, ಎಲ್ಲಿಂದ ಬೇರೆ ಲೋಹ ಶುರುವಾಯಿತು ಎಂಬ ಗಡಿ ಸಂಖ್ಯೆಯನ್ನು ನಾವೇ ಸರಿಸಬಹುದು. ಇದಕ್ಕೆ ‘ಟೋನ್ ಬ್ರೇಕ್’ ಎನ್ನುತ್ತಾರೆ. ಹೊಸಬರಿಗೆ ಈ ಎರಡು ದನಿಯೇ ಅನುಕೂಲ. ಮೂರು–ನಾಲ್ಕು ದನಿಯ ಯಂತ್ರಗಳಲ್ಲಿ ನಡುವಿನ ಪಟ್ಟಿಯನ್ನು ಇನ್ನಷ್ಟು ಸೀಳಿರುತ್ತಾರೆ. ಹಲವು ದನಿಯ ಯಂತ್ರದಲ್ಲಿ ಪ್ರತಿ ಸಂಖ್ಯೆಗೂ ಬೇರೆ ಬೇರೆ ಸ್ವರ. ಹಾರ್ಮೋನಿಯಂ ಮನೆಗಳ ಮೇಲೆ ಬೆರಳು ಓಡಿಸಿದ ಹಾಗೆ ಇರುತ್ತದೆ. ಅನುಭವಿಗಳಿಗೆ ಅದರಿಂದ ಬಹಳ ವಿಷಯ ತಿಳಿಯುತ್ತದೆ, ಹೊಸಬರಿಗೆ ಅರ್ಧ ಗಂಟೆಯಲ್ಲಿ ತಲೆ ಚಿಟ್ಟು ಹಿಡಿಯುತ್ತದೆ.

ಇನ್ನೊಂದು ಸೆಟಿಂಗ್ ‘ಥ್ರೆಶೋಲ್ಡ್’. ಲೋಹ ಇಲ್ಲದಾಗಲೂ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತೆ ಸಣ್ಣ ದನಿ ಇರುತ್ತದೆ. ಅದು ತುಸು ಏರಿದರೆ ಆಳದಲ್ಲಿ ಏನೋ ಇದೆ ಎಂದರ್ಥ. ಆ ಗುಂಯ್‌ಗಾಟ ಕಿರಿಕಿರಿ ಎಂದು ಪೂರ್ತಿ ಆರಿಸಿದರೆ ತೀರ ಮೆಲು ಸೂಚನೆಗಳು ಕೈತಪ್ಪಬಹುದು. ನಮ್ಮ ಆಳಂದ, ಅಫಜಲಪುರ ಕಡೆಯ ಎರೆಭೂಮಿಯಲ್ಲಿ ಇದಕ್ಕೆ ಇನ್ನೊಂದು ತೊಡಕು. ಈ ಕರಿಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು. ಬಸಾಲ್ಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುತ್ತದೆ. ಹಾಗಾಗಿ ಮಣ್ಣೇ ಯಂತ್ರಕ್ಕೆ ಮಾತಾಡಿಸುತ್ತದೆ. ಮೊದಲು ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ–ಕೆಳಗೆ ಆಡಿಸಿ ಮಣ್ಣಿನ ದನಿಯನ್ನು ಕಳೆಯಬೇಕು. ಇದಕ್ಕೆ ‘ಗ್ರೌಂಡ್ ಬ್ಯಾಲೆನ್ಸ್’ ಎಂದು ಹೆಸರು. ಇದನ್ನು ಮಾಡದೆ ಯಾವ ಟೋನ್ ಇಟ್ಟರೂ ಉಪಯೋಗವಿಲ್ಲ.

ಎಮ್ಮೆ ನುಂಗಿದ ತಂತಿ

ನಮ್ಮ ಪ್ರಾಜೆಕ್ಟಿಗೆ ಕಾರಣ ನಮ್ಮ ಕಾಕಾನ ಎಮ್ಮೆ. ಈಯಲು ಒಂದು ತಿಂಗಳಿತ್ತು. ಮೇವು ಬಿಟ್ಟಿತು, ಬೆನ್ನು ಬಾಗಿಸಿ ನಿಲ್ಲತೊಡಗಿತು, ಎದೆಯ ಕೆಳಗೆ ಬಾವು ಬಂತು. ಕೆಲವೇ ದಿನಗಳಲ್ಲಿ ಹೋಯಿತು. ಪಶುವೈದ್ಯರು ಕೊಯ್ದು ನೋಡಿದಾಗ ಸಿಕ್ಕಿದ್ದು ಬೆರಳುದ್ದದ ಒಂದು ತಂತಿ. ಮನೆ ಕಟ್ಟುವಾಗ ಸರಳು ಬಿಗಿಯಲು ಬಳಸುವ ಬೈಂಡಿಂಗ್ ವೈರ್.

ದನ–ಎಮ್ಮೆಗಳು ಮೇವನ್ನು ಆರಿಸಿ ತಿನ್ನುವುದಿಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತವೆ. ಮೇವಿನಲ್ಲಿ ಸೇರಿದ ಮೊಳೆ, ಸೂಜಿ, ಸುಟ್ಟ ಟೈರಿನ ತಂತಿ ಇವು ಭಾರವಾದ್ದರಿಂದ ಎರಡನೆಯ ಹೊಟ್ಟೆಯಲ್ಲಿ, ಜೇನುಗೂಡಿನಂಥ ಗೋಡೆ ಇರುವ ಚೀಲದಲ್ಲಿ, ತಳ ಹಿಡಿಯುತ್ತವೆ. ಆ ಚೀಲದ ಮುಂದೆ ವಪೆ, ವಪೆಯ ಆಚೆಗೆ ಹೃದಯ. ಗಬ್ಬದ ಭಾರ ಬಿದ್ದಾಗ, ಈಯುವಾಗ ತಿಣುಕಿದಾಗ ತಂತಿ ಚುಚ್ಚಿಕೊಂಡು ಹೃದಯದ ಹೊದಿಕೆಯವರೆಗೆ ಹೋಗಬಹುದು. ತಂತಿ ಹೊಟ್ಟೆಯಲ್ಲೇ ಇರುವಾಗ ಆಪರೇಷನ್ ಮಾಡಿ ತೆಗೆಯಬಹುದು. ಚೂರುಗಳು ಕದಲದೆ ಒಂದೇ ಕಡೆ ಅಂಟಿಕೊಳ್ಳಲಿ ಎಂದು ಹೊಟ್ಟೆಗೆ ಅಯಸ್ಕಾಂತ ನುಂಗಿಸುವ ಪದ್ಧತಿಯೂ ಇದೆ. ಹೃದಯ ಮುಟ್ಟಿದ ಮೇಲೆ ಉಳಿಸುವುದು ಕಷ್ಟ. ಹಾಲು ಹಾಕಿ ಮಕ್ಕಳ ಫೀಸು ಕಟ್ಟುವ ಮನೆಯಲ್ಲಿ ಎಮ್ಮೆ ಹೋಯಿತೆಂದರೆ ಏನು ಹೋಯಿತೆಂದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಮ್ಮ ಯಂತ್ರ ಮಣ್ಣಿಗಲ್ಲ, ಮೇವಿಗೆ. ಕಣಿಕಿ, ತೊಗರಿ ಹೊಟ್ಟನ್ನು ತೆಳುವಾಗಿ ಹರಡಿ ಅದರ ಮೇಲೆ ಕಾಯಿಲ್ ಆಡಿಸುವುದು. ನಮ್ಮದು ಬಡವರ ವಿನ್ಯಾಸ: ಒಂದೇ ಕಾಯಿಲ್, ಒಂದು ಕೆಪಾಸಿಟರ್, ಒಂದು ಆಸಿಲೇಟರ್, ಅದರ ಆವರ್ತನ ಎಣಿಸಲು ಆರ್ಡುಯಿನೊ. ಕಬ್ಬಿಣದ ತಂತಿ ಹತ್ತಿರ ಬಂದರೆ ಕಾಯಿಲಿನ ಇಂಡಕ್ಟೆನ್ಸ್ ಏರಿ ಆವರ್ತನ ಇಳಿಯುತ್ತದೆ. ಅಲ್ಯುಮಿನಿಯಂ, ತಾಮ್ರ ಬಂದರೆ ಇಂಡಕ್ಟೆನ್ಸ್ ಇಳಿದು ಆವರ್ತನ ಏರುತ್ತದೆ. ಅಗಲವಾದ ತಗಡಿನಂಥವು ಕೆಲವೊಮ್ಮೆ ಈ ನಿಯಮ ಮುರಿಯುತ್ತವೆ. ಆದರೆ ಮೊಳೆ–ತಂತಿಗೆ ಇದು ಸಾಕು.

ಇಲ್ಲಿ ನಾವು ಮಾರುಕಟ್ಟೆಯ ರೂಢಿಯನ್ನು ತಲೆಕೆಳಗು ಮಾಡಿದೆವು. ಅಂಗಡಿಯ ಯಂತ್ರಗಳಲ್ಲಿ ಕಬ್ಬಿಣ ಎಂದರೆ ಕಸ, ಅದಕ್ಕೆ ಮೆತ್ತನೆಯ ದಪ್ಪ ದನಿ. ಬೇಡವಾದರೆ ದನಿಯನ್ನೇ ಮುಚ್ಚಿಬಿಡಬಹುದು. ನಮಗೆ ಆ ಕಸವೇ ಯಮ. ಆದ್ದರಿಂದ ಕಬ್ಬಿಣಕ್ಕೆ ಬಿಟ್ಟು ಬಿಟ್ಟು ಬಡಿಯುವ ಎತ್ತರದ ದನಿ, ಬೇರೆ ಲೋಹಕ್ಕೆ ಒಂದೇ ಸಮ ದಪ್ಪ ದನಿ ಇಟ್ಟೆವು. ಬೇರೆ ಲೋಹವನ್ನು ಮುಚ್ಚಲಿಲ್ಲ, ಏಕೆಂದರೆ ಅಲ್ಯುಮಿನಿಯಂ ತಂತಿಯೂ ಹೊಟ್ಟೆಗೆ ಒಳ್ಳೆಯದಲ್ಲ.

ಕೇಳುವ ಕಿವಿ ಯಾರದು?

ಎರಡು ದನಿ ಬೇಕೆಂದರೆ ಬಜರ್ ಕೊಳ್ಳುವಾಗಲೇ ಗಮನ ಇರಬೇಕು. ಅಂಗಡಿಯಲ್ಲಿ ಸಿಗುವ ‘ಆಕ್ಟಿವ್’ ಬಜರಿಗೆ ವಿದ್ಯುತ್ ಕೊಟ್ಟರೆ ಅದು ತನ್ನದೇ ಒಂದು ದನಿಯಲ್ಲಿ ಮಾತ್ರ ಕೂಗುತ್ತದೆ. ‘ಪ್ಯಾಸಿವ್’ ಬಜರ್ ಅಥವಾ ಪುಟ್ಟ ಸ್ಪೀಕರ್ ಆದರೆ ಆರ್ಡುಯಿನೊದ ‘ಟೋನ್’ ಆದೇಶದಿಂದ ಬೇಕಾದ ಹರ್ಟ್ಸ್ ಇಡಬಹುದು. ನಾವು ಸ್ಪೀಕರ್ ಹಾಕಿದೆವು.

ಎಷ್ಟು ಹರ್ಟ್ಸ್? ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ ಎಂದು ಪುಸ್ತಕ ಹೇಳುತ್ತದೆ. ಅತಿ ಚುರುಕಾಗಿ ಕೇಳುವುದು 2,000ದಿಂದ 5,000ದ ಆಸುಪಾಸು. ಆ ಲೆಕ್ಕ ಹಿಡಿದರೆ 3,000 ಹರ್ಟ್ಸ್ ಇಡಬೇಕು. ನಮ್ಮ ಕಿವಿಗೆ ಅದು ಚೆನ್ನಾಗಿಯೇ ಕೇಳಿತು. ಆದರೆ ಯಂತ್ರ ಬಳಸುವವರು ನಾವಲ್ಲ, ಕಾಕಾ. ವಯಸ್ಸಾದಂತೆ ಮೊದಲು ಮಂದವಾಗುವುದು ಮೇಲುಸ್ಥಾಯಿಯ ಕೇಳುವಿಕೆ. ಟ್ರ್ಯಾಕ್ಟರ್, ರಾಶಿ ಮಷೀನಿನ ಸದ್ದಿನಲ್ಲಿ ದುಡಿದವರಿಗೆ ಇನ್ನೂ ಬೇಗ. ಮೊಬೈಲಿನಲ್ಲಿ ಬೇರೆ ಬೇರೆ ದನಿ ಹಾಕಿ, ಮೇವು ಕತ್ತರಿಸುವ ಯಂತ್ರ ಚಾಲೂ ಇಟ್ಟು ಕೇಳಿಸಿದೆವು. 3,000ಕ್ಕೆ ಕಾಕಾ, ‘ಎಲ್ಲಿ ಬರ್ಲಿಕತ್ತದೋ? ನನಗಂತೂ ಏನೂ ಕೇಳವಲ್ದು’ ಎಂದರು. 900ಕ್ಕೆ, ‘ಹಾಂ, ಇದು ಬಂತು ನೋಡು’ ಎಂದರು. ಹಾಗಾಗಿ ಕಬ್ಬಿಣಕ್ಕೆ 900, ಉಳಿದದ್ದಕ್ಕೆ 300 ಹರ್ಟ್ಸ್ ಗಟ್ಟಿಯಾಯಿತು. ಎರಡರ ನಡುವೆ ಇಷ್ಟು ಅಂತರ ಇದ್ದರೆ ಯೋಚಿಸದೆಯೇ ವ್ಯತ್ಯಾಸ ತಿಳಿಯುತ್ತದೆ.

ಲೋಹವನ್ನು ಕಿವಿಯಿಂದ ಹುಡುಕುವ ಈ ವಿದ್ಯೆ ಹೊಸದೂ ಅಲ್ಲ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಲಾಯಿತು. ಮೈಯೊಳಗೆ ಉಳಿದ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಾಯಿಲ್‌ಗಳಿಗೆ ಟೆಲಿಫೋನ್ ರಿಸೀವರ್ ಜೋಡಿಸಿ, ಅದನ್ನು ಕಿವಿಗೆ ಹಿಡಿದು ಗುಂಡು ಹುಡುಕಲು ಹೊರಟರು. ಪ್ರಯೋಗಗಳಲ್ಲಿ ಯಂತ್ರ ಕೆಲಸ ಮಾಡಿತ್ತು. ಆದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯೊಳಗೆ ಉಕ್ಕಿನ ತಂತಿಗಳಿದ್ದವು, ವೈದ್ಯರು ಹುಡುಕಲು ಬಿಟ್ಟದ್ದೂ ದೇಹದ ಒಂದೇ ಭಾಗದಲ್ಲಿ. ಗುಂಡು ಸಿಗಲಿಲ್ಲ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಯಂತ್ರ ಎಷ್ಟೇ ಜಾಣವಾಗಿದ್ದರೂ ಸುತ್ತಮುತ್ತ ಬೇರೆ ಯಾವ ಲೋಹ ಇದೆ, ಎಲ್ಲಿ ಹುಡುಕುತ್ತಿದ್ದೇವೆ ಎಂಬುದನ್ನು ಮನುಷ್ಯನೇ ನೋಡಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

‘ಬಂಗಾರಕ್ಕ ಬ್ಯಾರೆ ಆವಾಜ್ ಬರ್ತದೇನು?’

ಊರಿನಲ್ಲಿ ಕಾಯಿಲ್ ಹಿಡಿದು ಓಡಾಡಿದರೆ ಸುಮ್ಮನೆ ಬಿಡುವವರು ಯಾರು? ಕಟ್ಟೆಯ ಮೇಲೆ ಕುಳಿತ ಮುತ್ಯಾ ಒಬ್ಬರು ಕರೆದು, ‘ಏ ತಮ್ಮಾ, ಬಂಗಾರಕ್ಕ ಬ್ಯಾರೆ ಆವಾಜ್ ಬರ್ತದೇನು ಇದರಾಗ?’ ಎಂದು ಕೇಳಿದರು. ಪಕ್ಕದಲ್ಲಿದ್ದ ನಮ್ಮ ವಯಸ್ಸಿನ ಹುಡುಗರು ಮೊಬೈಲಿನಲ್ಲಿ ‘ನಿಧಿ ತೋರಿಸುವ ಮಷೀನ್’ ವಿಡಿಯೊ ತೆಗೆದು ತೋರಿಸಿದರು.

ಉತ್ತರ ಸರಳ: ಬಂಗಾರಕ್ಕೆಂದೇ ಮೀಸಲಾದ ದನಿ ಇಲ್ಲ. ಯಂತ್ರಕ್ಕೆ ಬಂಗಾರ ಗೊತ್ತಿಲ್ಲ. ಗೊತ್ತಿರುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯಿತು, ವಸ್ತು ಎಷ್ಟು ದಪ್ಪ, ಎಷ್ಟು ಅಗಲ ಎಂಬುದು ಮಾತ್ರ. ಸಣ್ಣ ಉಂಗುರ, ಬೆಂಡೋಲೆಗಳು ಬೀಳುವುದು ನಡುಪಟ್ಟಿಯಲ್ಲಿ. ಗುಳಿಗೆಯ ಅಲ್ಯುಮಿನಿಯಂ ಹಾಳೆ, ಡಬ್ಬಿಯ ಮುಚ್ಚಳ ಕೀಳುವ ತುಂಡು ಇವೂ ಅದೇ ಪಟ್ಟಿಯಲ್ಲಿ ಬೀಳುತ್ತವೆ. ಕಳೆ ಕೀಳುವಾಗ ಹೊಲದಲ್ಲಿ ಬೆಂಡೋಲೆ ಬಿತ್ತು ಎಂದುಕೊಳ್ಳಿ. ಕಸದ ಕಾಟ ಬೇಡವೆಂದು ನಡುಪಟ್ಟಿಯ ದನಿ ಮುಚ್ಚಿದರೆ ಬೆಂಡೋಲೆಯ ದನಿಯನ್ನೂ ಮುಚ್ಚಿದಂತೆ. ಹತ್ತು ಸಲ ಬಾಗಿ ಹತ್ತು ಗುಳಿಗೆ ಹಾಳೆ ಎತ್ತುವವರಿಗೆ ಮಾತ್ರ ಹನ್ನೊಂದನೆಯದು ಬೆಂಡೋಲೆ ಆಗುವ ಅವಕಾಶ.

ಹೊರದೇಶದವರ ಸಲಹೆಯನ್ನು ಹಾಗೆಯೇ ತಂದರೂ ನಮ್ಮಲ್ಲಿ ನಡೆಯುವುದಿಲ್ಲ. ‘ಕಬ್ಬಿಣದ ದನಿ ಮುಚ್ಚಿ, ನಾಣ್ಯ ಹುಡುಕಿ’ ಎನ್ನುತ್ತಾರೆ. ನಮ್ಮ ಒಂದು ರೂಪಾಯಿ ನಾಣ್ಯಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಅದು ಕಬ್ಬಿಣವೇ ಹೆಚ್ಚಿರುವ ಸ್ಟೇನ್‌ಲೆಸ್ ಸ್ಟೀಲು. ದೇವಲ ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದ ನೀರಿಗೆ ಭಕ್ತರು ಹಾಕಿದ ಅಂಥ ನಾಣ್ಯ ಹುಡುಕಲು ಕಾಯಿಲ್ ಯಾಕೆ, ಹಗ್ಗಕ್ಕೆ ಕಟ್ಟಿದ ಅಯಸ್ಕಾಂತವೇ ಸಾಕು. ಇಂಥ ಅಗಲವಾದ ಉಕ್ಕಿನ ತುಂಡುಗಳು ಕೆಲವೊಮ್ಮೆ ದಪ್ಪ ದನಿ, ಕೆಲವೊಮ್ಮೆ ಕೀಚಲು ದನಿ ಎರಡನ್ನೂ ಬೆರೆಸಿ ಕೂಗುತ್ತವೆ. ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದ ಹಳೆಯ ಬೆಳ್ಳಿ ರೂಪಾಯಿ ಮಾತ್ರ ಸ್ಪಷ್ಟ ಎತ್ತರದ ದನಿ ಕೊಡುತ್ತದೆ.

ನಿಧಿಯ ಆಸೆಗೆ ಬಿದ್ದವರು ಕೆಡಿಸುವುದು ತಮ್ಮ ದುಡ್ಡನ್ನಷ್ಟೇ ಅಲ್ಲ. ನಮ್ಮ ಜಿಲ್ಲೆಯ ಭೀಮಾ ದಂಡೆಯಲ್ಲೇ ಸನ್ನತಿ ಇದೆ. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ ಕಂಡದ್ದು ಬಂಗಾರದ ಕೊಡವಲ್ಲ, ಅಶೋಕನ ಶಾಸನವಿದ್ದ ಕಲ್ಲು. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು, ‘ರಾಯ ಅಶೋಕ’ ಎಂದು ಬರೆದ ಶಿಲ್ಪವೂ ಸಿಕ್ಕಿತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರೇ ಇರುವ ಶಾಸನವನ್ನು ಗುರುತಿಸಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಕಲ್ಲಿನ ಮೇಲಿನ ಅಕ್ಷರಕ್ಕೆ ಯಾವ ಡಿಟೆಕ್ಟರೂ ‘ಬೀಪ್’ ಎನ್ನುವುದಿಲ್ಲ. ಅದರ ಅಡಿಯಲ್ಲೇ ಹಾರೆ ಹಾಕುವವರಿಗೆ ತಾವು ಏನು ಒಡೆದೆವು ಎಂದು ತಿಳಿಯುವುದೂ ಇಲ್ಲ. ಶಾತವಾಹನರ ಕಾಲದ ಎಷ್ಟೋ ನಾಣ್ಯಗಳು ಸೀಸದವು. ಚಿನ್ನದ ಕಣ್ಣಿಗೆ ಕಸ, ಇತಿಹಾಸದ ಕಣ್ಣಿಗೆ ದಾಖಲೆ. ಅವು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇದ್ದವು ಎಂಬುದು ಅಗೆದು ಎತ್ತಿದ ಕ್ಷಣಕ್ಕೇ ಅಳಿಸಿಹೋಗುತ್ತದೆ.

ಕಾನೂನೂ ಸ್ಪಷ್ಟವಾಗಿದೆ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ನೌಕರಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಇಂಥ ಕೇಸು ಮೈಮೇಲೆ ಬಿದ್ದರೆ ಪೊಲೀಸ್ ಪರಿಶೀಲನೆಯ ಹೊತ್ತಿಗೆ ಯಾವ ಟೋನೂ ಕಾಪಾಡುವುದಿಲ್ಲ.

ಗುಂಡಿ ತಿರುಗಿಸುವ ಮುನ್ನ

ನೀವು ಪ್ರಾಜೆಕ್ಟಿಗೆ ಮಾಡಿ, ನಿಮ್ಮ ಹೊಲದಲ್ಲಿ ಕಳೆದ ಒಡವೆಗೆ ಬಳಸಿ, ನಾಳೆ ಭದ್ರತಾ ಕೆಲಸಕ್ಕೋ ದಾಲ್ ಮಿಲ್ಲಿನ ಗುಣಮಟ್ಟ ವಿಭಾಗಕ್ಕೋ ಸೇರಿ, ಟೋನ್ ಇಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವುದು ತಪ್ಪಿಹೋದರೆ ನಷ್ಟ ದೊಡ್ಡದು? ಕೇಳುವ ಕಿವಿ ಯಾರದು, ಸುತ್ತ ಎಷ್ಟು ಗದ್ದಲ? ಮುಚ್ಚಲು ಹೊರಟ ದನಿಯ ಜೊತೆಗೆ ಇನ್ನೇನು ಮುಚ್ಚಿಹೋಗುತ್ತದೆ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮುಚ್ಚಬೇಡಿ, ದನಿಯನ್ನು ತಗ್ಗಿಸಿ ಸಾಕು. ಶುರುವಿಗೆ ಎರಡು ದನಿ ಇಟ್ಟು, ಮೊಳೆ, ನಾಣ್ಯ, ಗುಳಿಗೆ ಹಾಳೆ, ಉಂಗುರ ಇವನ್ನು ನೆಲದ ಮೇಲೆ ಸಾಲಾಗಿಟ್ಟು ಕಣ್ಣು ಮುಚ್ಚಿ ಕೇಳಿ. ಒಂದು ವಾರ ಹೀಗೆ ಕೇಳಿದ ಮೇಲೆ ಹಲವು ದನಿಗೆ ಹೋಗಿ.

ನಮ್ಮ ಯಂತ್ರಕ್ಕೆ ಇನ್ನೂ ಮಿತಿಗಳಿವೆ. ಸಣ್ಣ ತಂತಿಯನ್ನು ಅದು ಕೆಲವೇ ಸೆಂಟಿಮೀಟರ್ ದೂರದಿಂದ ಹಿಡಿಯುತ್ತದೆ, ಮೇವು ದಪ್ಪಗೆ ಹರಡಿದರೆ ತಳದ್ದು ತಪ್ಪುತ್ತದೆ. ಮುಂದಿನ ಸೆಮಿಸ್ಟರಿನಲ್ಲಿ ಕಾಯಿಲ್ ಅಗಲ ಮಾಡುವ ಯೋಚನೆ ಇದೆ. ಈಗಿನ ಮಟ್ಟಿಗೆ ಕಾಕಾನ ಹೊಸ ಎಮ್ಮೆಯ ಮೇವಿನಿಂದ ಎರಡು ಮೊಳೆ, ಒಂದು ಪೊರಕೆ ತಂತಿ ಸಿಕ್ಕಿವೆ. ಕಾಕಾ ಅವನ್ನು ಬಿಸಾಡದೆ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಬಂದವರಿಗೆಲ್ಲ ಆ ಡಬ್ಬಿ ಅಲ್ಲಾಡಿಸಿ ಕೇಳಿಸುತ್ತಾರೆ.